ಸೀಮೆಸುಣ್ಣದಿಂದ ಗಾಜಿಗೆ

ಒಡೆದ ಬಳೆಯ ಚೂರುಗಳನ್ನು ದೀಪದ ಉರಿಗೆ ಹಿಡಿದು, ಮೆತ್ತಗಾದೊಡನೆ ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡುವ ಆಟವನ್ನು ಚಿಕ್ಕಂದಿನಲ್ಲಿ ಆಡಿದವರು ವಾಚಕರಲ್ಲಿ ಅನೇಕರಿರಬಹುದು. ಮೂವತ್ತು ವರ್ಷ ಶಾಲೆಯಲ್ಲಿ ಸೀಮೆಸುಣ್ಣ ಹಿಡಿದು ನಿವೃತ್ತನಾದ ಮೇಲೆ ಆ ಆಟವೇ ನನ್ನನ್ನು ಮತ್ತೆ ಹಿಡಿದುಕೊಂಡಿತು.

ಮಡಿಕೇರಿಯ ನಮ್ಮ ಮನೆಯ ಹಿಂದಿನ ಸೌದೆಕೊಟ್ಟಿಗೆಯನ್ನು ತೆರವು ಮಾಡಿ ಅಲ್ಲೊಂದು ಸಣ್ಣ ವಿದ್ಯುತ್ ಕುಲುಮೆಯನ್ನು ಇರಿಸಿದೆ. "ಏನು ಮೇಷ್ಟ್ರೇ, ಬಳೆ ಅಂಗಡಿ ಇಡುತ್ತೀರೇನು?" ಎಂದು ನೆರೆಯವರು ನಕ್ಕರು. ನನ್ನಾಕೆ ನಗಲಿಲ್ಲ. ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚು ಬದಲಿಸಲೆಂದು ತೆಗೆದಿರಿಸಿದ್ದ ಹಣ ಅದು. "ಹಣವನ್ನು ಬೆಂಕಿಗೆ ಹಾಕುವವರನ್ನು ಇದೇ ಮೊದಲು ಕಂಡದ್ದು" ಎಂದಷ್ಟೇ ಹೇಳಿ ಒಳಗೆ ಹೋದಳು.

ಗಾಜನ್ನು ಬೆಸೆಯುವ ಈ ಕಲೆಗೆ ಊದುವ ಕೊಳವೆ ಬೇಡ. ಬಣ್ಣದ ಗಾಜಿನ ಹಾಳೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ, ಸುಮಾರು 800 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಅವು ಕೂಡಿ ಒಂದಾಗುತ್ತವೆ. ತಣಿದ ಮೇಲೆ ಅಚ್ಚಿನ ಮೇಲಿರಿಸಿ 650ರಿಂದ 700 ಡಿಗ್ರಿಗೆ ಮತ್ತೆ ಕಾಯಿಸಿದರೆ, ಗಾಜು ತನ್ನ ಭಾರಕ್ಕೆ ತಾನೇ ಬಾಗಿ ತಟ್ಟೆಯೋ ಬಟ್ಟಲೋ ಆಗುತ್ತದೆ. ಊದುವ ವಿದ್ಯೆ ಹುಟ್ಟಿದ್ದು ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ. ಅದಕ್ಕೂ ಸಾವಿರ ವರ್ಷಕ್ಕೆ ಹಿಂದೆಯೇ ಮೆಸೊಪೊಟೇಮಿಯದ ಜನ ಗಾಜಿನ ತುಣುಕುಗಳನ್ನು ಬೆಸೆದು ಪಾತ್ರೆ ಮಾಡುತ್ತಿದ್ದರು.

ಹಿಂದೆ ಸರಿದಿದ್ದ ಈ ವಿದ್ಯೆಗೆ ಇಪ್ಪತ್ತನೆಯ ಶತಮಾನದಲ್ಲಿ ಮರುಜೀವ ಕೊಟ್ಟವರಲ್ಲಿ ಇಬ್ಬರು ಅಧ್ಯಾಪಕರೆಂದು ಓದಿ ನನಗೆ ಧೈರ್ಯ ಬಂದಿತ್ತು. ಅಮೆರಿಕದ ಜಾರ್ಜಿಯ ವಿಶ್ವವಿದ್ಯಾನಿಲಯದಲ್ಲಿ ಕಲೆಯನ್ನು ಬೋಧಿಸುತ್ತಿದ್ದ ಫ್ರಾನ್ಸಿಸ್ ಸ್ಟುವರ್ಟ್, 1942ರಿಂದಲೇ ಗಾಜನ್ನು ಬಾಗಿಸುವ ಪ್ರಯೋಗದಲ್ಲಿ ತೊಡಗಿದ್ದರು. ಹೆಚ್ಚಿನ ವ್ಯಾಸಂಗಕ್ಕೆಂದು ಷಿಕಾಗೊ ನಗರದ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ಗೆ ಬಂದಾಗ ಅಲ್ಲಿ ಪಾಠ ಹೇಳುತ್ತಿದ್ದ ಮೈಕಲ್ ಹಿಗ್ಗಿನ್ಸ್ ಅವರ ಪರಿಚಯವಾಯಿತು. 1948ರಲ್ಲಿ ಮದುವೆಯಾದ ದಂಪತಿಗಳು ಬೋಧನೆಯನ್ನು ಬಿಟ್ಟು ವಾಸದ ಮನೆಯಲ್ಲಿಯೇ ಕುಲುಮೆ ಹೂಡಿದರು. ಅವರಿಗಾದರೋ ಪಿಂಚಣಿಯ ಆಸರೆಯೂ ಇರಲಿಲ್ಲ. 1957ರಿಂದ ಕೆಲವು ವರ್ಷ ಡಿಯರ್‌ಬಾರ್ನ್ ಗಾಜಿನ ಕಂಪನಿಗಾಗಿ ದುಡಿದು, 1966ರಲ್ಲಿ ರಿವರ್‌ಸೈಡ್ ಎಂಬ ಊರಿನಲ್ಲಿ ನೆಲೆಸಿದರು. ಮೈಕಲ್ 1999ರಲ್ಲಿಯೂ ಫ್ರಾನ್ಸಿಸ್ 2004ರಲ್ಲಿಯೂ ತೀರಿಕೊಂಡರು.

ಆದರೆ ಅವರ ಕಥೆಯನ್ನು ಓದಿದ ಮಾತ್ರಕ್ಕೆ ಗಾಜು ನನ್ನ ಮಾತು ಕೇಳಲಿಲ್ಲ. ಕಿಟಕಿಯ ಗಾಜಿನ ಮೇಲೆ ಹಸಿರು ಸೀಸೆಯ ಚೂರುಗಳನ್ನು ಬೆಸೆದ ಮೊದಲ ತಟ್ಟೆ, ತಣಿದ ಎರಡು ದಿನಗಳ ಮೇಲೆ ತಾನಾಗಿಯೇ ಬಿರಿಯಿತು. ಕಾದಾಗ ಹಿಗ್ಗುವ, ತಣಿದಾಗ ಕುಗ್ಗುವ ಪ್ರಮಾಣ ಒಂದೊಂದು ಬಗೆಯ ಗಾಜಿಗೆ ಒಂದೊಂದು ತೆರ. ಹೊಂದದವನ್ನು ಬೆಸೆದರೆ ಒಳಗೊಳಗೇ ಜಗಳ.

ಎರಡನೆಯದು ನನ್ನ ಆತುರಕ್ಕೆ ಬಲಿಯಾಯಿತು. ಬೆಸೆದ ಗಾಜನ್ನು 500 ಡಿಗ್ರಿಯ ಆಸುಪಾಸಿನಲ್ಲಿ ತಡೆದು ನಿಲ್ಲಿಸಿ, ಮುಂದೆ ಗಂಟೆಗಟ್ಟಲೆ ಮೆಲ್ಲಮೆಲ್ಲನೆ ತಣಿಸಬೇಕು. ಕಕ್ಕಡ ಮಾಸದ ರಾತ್ರಿ. ಸೋರುವ ಮಾಡಿನ ಕೆಳಗೆ ನನ್ನಾಕೆ ಇರಿಸಿದ್ದ ಪಾತ್ರೆಗೆ ನೀರು ತೊಟ್ಟಿಕ್ಕುತ್ತಿತ್ತು. ಆ ಸದ್ದನ್ನು ಸಹಿಸಲಾರದೆ, ಏನನ್ನಾದರೂ ಸಾಧಿಸಿ ತೋರಿಸಬೇಕೆಂದು ಕುಲುಮೆಯ ಬಾಗಿಲನ್ನು ತೆರೆದೆ. 'ಟಣ್' ಎಂದಿತು. ಗಾಜನ್ನು ಒಡೆದದ್ದು ಬೆಂಕಿಯಲ್ಲ, ಹೊರಗಿನ ತಂಪು. ಪಾಠ ಮುಗಿಸುವ ಅವಸರದಲ್ಲಿ ನಾನು ದಡ್ಡರೆಂದು ಬದಿಗಿರಿಸಿದ್ದ ಕೆಲವು ಮಕ್ಕಳ ಮುಖಗಳು ಆ ರಾತ್ರಿ ನೆನಪಿಗೆ ಬಂದವು. ಅವರಿಗೂ ಇನ್ನೊಂದಿಷ್ಟು ಹೊತ್ತು ಕೊಡಬಹುದಾಗಿತ್ತು.

ಮೂರನೆಯ ಬಾರಿ ಒಂದೇ ಬಗೆಯ ಗಾಜನ್ನು ತರಿಸಿದೆ. ಹಸಿರಿನ ಮೇಲೆ ಬಿಳಿಯ ಚೂರುಗಳನ್ನು ಗೊಂಚಲಾಗಿ ಜೋಡಿಸಿದೆ. ಒಂದು ರಾತ್ರಿ, ಮರುದಿನ ಹಗಲು, ಕುಲುಮೆಯ ಕಡೆ ಸುಳಿಯಲಿಲ್ಲ. ಹೊರಬಂದ ತಟ್ಟೆಯನ್ನು ನನ್ನಾಕೆ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಹೂಮಳೆಯಾದ ಮೇಲಿನ ಕಾಫಿಗಿಡದ ಹಾಗಿದೆ" ಎಂದಳು.

ನಿವೃತ್ತರಾದ ಮಿತ್ರರಿಗೆ ನನ್ನದೊಂದು ಮಾತು: ಹೊಸ ವಿದ್ಯೆಗೆ ವಯಸ್ಸು ಅಡ್ಡಿಯಲ್ಲ, ಆದರೆ ಮಾಡಿನ ಹಣವನ್ನು ಮುಟ್ಟಬೇಡಿರಿ. ತಟ್ಟೆಗಳನ್ನು ಮಾರಿ ಬಂದ ಹಣದಲ್ಲಿ ನಮ್ಮ ಅಡುಗೆಮನೆಯ ಮೇಲಿನ ಹೆಂಚು ಮಾತ್ರ ಬದಲಾಗಿದೆ; ನಡುಮನೆ ಇನ್ನೂ ಕಾಯುತ್ತಿದೆ. ಆದರೂ ಈಗ ರಾತ್ರಿ ನಾನು ಹಾಸಿಗೆಯಿಂದ ಎದ್ದರೆ ಕತ್ತಲಿನಿಂದ ಅವಳ ದನಿ ಕೇಳುತ್ತದೆ: "ನೋಡಿ, ಈಗಲೇ ತೆರೆಯಬೇಡಿ. ಇನ್ನೂ ತಣಿದಿರುವುದಿಲ್ಲ."