ಕಣ್ಣೊಳಗಿನ ನೀರು, ಕಾಣದ ಬೆಳಕು

ಬೆಳಗಾವಿಯ ಉದ್ಯಮಬಾಗದ ವೆಲ್ಡಿಂಗ್ ಕಿಡಿ, ಖಾನಾಪುರದ ಹೆಂಚಿನ ಭಟ್ಟಿ, ಎರಡೂ ಕಣ್ಣು ಕುಕ್ಕುತ್ತವೆ. ಆದರೆ ಸಾವಿರ ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯುವ ಭಟ್ಟಿ ಉಗುಳುವುದು ಮುಖ್ಯವಾಗಿ ಶಾಖದ ಕಿರಣ. ಅದರಲ್ಲಿ ಅತಿನೇರಳೆ ಇಲ್ಲವೆಂದರೂ ನಡೆದೀತು. ವೆಲ್ಡಿಂಗಿನ ಕಿಡಿ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ, ಅದರ ತುಂಬ ಅತಿನೇರಳೆ. ಬರಿಗಣ್ಣಲ್ಲಿ ನೋಡಿದವನಿಗೆ ಆ ಹೊತ್ತಿಗೆ ಏನೂ ಅನಿಸದು. ಕೆಲವು ತಾಸು ಕಳೆದ ಮೇಲೆ ಕಣ್ಣಿಗೆ ಮರಳು ಸುರಿದಂಥ ಉರಿ. ಬಟಾಟಿ ಹೋಳು ಇಟ್ಟುಕೊಂಡು ರಾತ್ರಿ ಕಳೆಯುವವರಿದ್ದಾರೆ. ಒಂದೆರಡು ದಿನಕ್ಕೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪಟಲದ, ಮೇಲ್ಪದರ ಮಾಯುತ್ತದೆ.

ಒಳಗೇನಾಯಿತು? ಕಾರ್ನಿಯಾದ ಹಿಂದೆ ಕಾಲು ಮಿಲಿಲೀಟರಿನಷ್ಟು ಜಲರಸವಿದೆ. ರಕ್ತದಲ್ಲಿರುವುದಕ್ಕಿಂತ ಸುಮಾರು 20 ಪಟ್ಟು ಹೆಚ್ಚು ಸಿ ಜೀವಸತ್ವ ಅದರಲ್ಲಿ ಕರಗಿರುತ್ತದೆ. ಹಗಲು ತಿರುಗುವ ಪ್ರಾಣಿಗಳಲ್ಲಿ ಇದು ಹೆಚ್ಚು, ನಿಶಾಚರಿಗಳಲ್ಲಿ ಕಡಿಮೆ. ಕಾರ್ನಿಯಾ ದಾಟಿ ಬಂದ ಅತಿನೇರಳೆಯ ಒಂದು ಪಾಲನ್ನು ಹೀರಿ, ಹಿಂದಿನ ಮಸೂರವನ್ನು ಕಾಯುವ ಕೆಲಸ ಅದರದ್ದು.

ಜಲರಸ ಎಷ್ಟು ಅತಿನೇರಳೆ ಹೀರುತ್ತದೆ ಎಂದು ಅಳೆಯುವ ಮುಖ್ಯ ಯಂತ್ರ ಸ್ಪೆಕ್ಟ್ರೋಫೋಟೋಮೀಟರ್. ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ ಅವರ ಕಂಪನಿ 1941ರಲ್ಲಿ ತಂದ ಮಾದರಿಯಿಂದ ಅತಿನೇರಳೆ ಮಾಪನ ಸಾಮಾನ್ಯ ಪ್ರಯೋಗಾಲಯಗಳಿಗೂ ಎಟುಕಿತು. ಯಂತ್ರ ಎಷ್ಟೇ ದುಬಾರಿಯಿರಲಿ, ದ್ರವ ತುಂಬುವ ಪುಟ್ಟ ಕ್ಯೂವೆಟ್ ಕ್ವಾರ್ಟ್ಜ್‌ನದ್ದೇ ಆಗಬೇಕು. ಮಾಮೂಲಿ ಗಾಜು ತಾನೇ ಅತಿನೇರಳೆಯನ್ನು ನುಂಗುತ್ತದೆ. ಆಗ ಅಳೆದದ್ದು ಗಾಜನ್ನು, ಕಣ್ಣಿನ ನೀರನ್ನಲ್ಲ. ಮಾಮೂಲಿ ಕ್ಯೂವೆಟ್ಟಿಗೆ ಮೂರು ಮಿಲಿಲೀಟರ್ ಬೇಕು. ಪೊರೆ ಶಸ್ತ್ರಚಿಕಿತ್ಸೆಯ ವೇಳೆ ಸೂಜಿಯಲ್ಲಿ ಸಿಗುವುದು ಒಂದೆರಡು ಹನಿ, ಅದೂ ರೋಗಿಯ ಒಪ್ಪಿಗೆ, ನೈತಿಕ ಸಮಿತಿಯ ಅನುಮತಿ ಇದ್ದರೆ. ಹಾಗಾಗಿ ಸೂಕ್ಷ್ಮ ಕ್ಯೂವೆಟ್ ಅನಿವಾರ್ಯ. ಸಿ ಜೀವಸತ್ವ ಗಾಳಿಗೆ ಬೇಗ ಕೆಡುವುದರಿಂದ ಹನಿ ಹಿಮದಲ್ಲಿ, ಕತ್ತಲಲ್ಲಿ ಇರಬೇಕು. ಕೈ ಪಳಗಲು ಕಸಾಯಿಖಾನೆಯ ಆಡಿನ ಕಣ್ಣು ಸಾಕು. 1963ರಲ್ಲಿ ಶುರುವಾದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು, 1998ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎರಡೂ ಬೆಳಗಾವಿಯಲ್ಲೇ ಇವೆ. ವೈದ್ಯರೂ ಎಂಜಿನಿಯರರೂ ಕೂಡಿ ಕೂರಲು ಇದಕ್ಕಿಂತ ಒಳ್ಳೆಯ ವಿಷಯ ನನಗೆ ಕಾಣದು.

ಪ್ರಯೋಗದಲ್ಲಿ ಅತಿನೇರಳೆ ಬೀರುವ ದೀಪದ ಆಯ್ಕೆಯಲ್ಲಿ ಎಡವುವುದು ಸುಲಭ. ಅಗ್ಗವಾಗಿ ಸಿಗುವ ಕ್ರಿಮಿನಾಶಕ ದೀಪದ ಬೆಳಕು 254 ನ್ಯಾನೋಮೀಟರಿನದು. ಬಿಸಿಲಿನ ಆ ಭಾಗವನ್ನು ಓಝೋನ್ ಪದರ ಮೇಲೆಯೇ ತಡೆಯುತ್ತದೆ. ಖಾನಾಪುರದ ಗದ್ದೆಯಲ್ಲಿ ದುಡಿಯುವವರ ಕಣ್ಣಿನ ಬಗ್ಗೆ ಕೇಳುವುದಾದರೆ 312ರ ದೀಪ ಬೇಕು. ಇಲ್ಲಿ ಸೂರ್ಯ ಮೇ ಆರಂಭದಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಮತ್ತೊಮ್ಮೆ ನೆತ್ತಿಗೆ ಬರುತ್ತಾನೆ. ಮಳೆಗಾಲದ ಮೋಡ ಅತಿನೇರಳೆಯನ್ನು ಪೂರ್ತಿ ತಡೆಯುವುದಿಲ್ಲ. ವೆಲ್ಡಿಂಗಿನಿಂದ ಕಾರ್ನಿಯಾಕ್ಕಾಗುವ ಉರಿಯ ಪ್ರಶ್ನೆಗಾದರೆ ಆ 254ರ ದೀಪವೂ ಸರಿಯೇ, ಏಕೆಂದರೆ ಕಿಡಿಗೂ ಕಣ್ಣಿಗೂ ನಡುವೆ ಓಝೋನ್ ಪದರವಿಲ್ಲ.

ಕಣ್ಣಿಗೆ ಬಿದ್ದ ಬೆಳಕೆಷ್ಟು ಎಂದು ಹೇಳುವುದು ಕೈಯಲ್ಲಿ ಹಿಡಿಯುವ ರೇಡಿಯೋಮೀಟರ್. ಅದನ್ನು ಪ್ರಯೋಗಾಲಯದಿಂದ ಉದ್ಯಮಬಾಗಕ್ಕೂ ಒಯ್ಯಬೇಕು. ವೆಲ್ಡರ್ ಮುಖಕ್ಕೆ ಗುರಾಣಿ ಹಿಡಿದಿರುತ್ತಾನೆ. ಕಬ್ಬಿಣ ಹಿಡಿದು ಪಕ್ಕದಲ್ಲಿ ನಿಂತ ಹುಡುಗನಿಗೆ ಎಷ್ಟೋ ಕಡೆ ಅದೂ ಇರುವುದಿಲ್ಲ. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಆದರೆ ಅವನು ದೂರ ಸರಿಯುವಂತಿಲ್ಲ. ಮೊದಲ ಅಳತೆಯನ್ನು ಅವನ ಕಣ್ಣಿನ ಮಟ್ಟದಲ್ಲೇ ತೆಗೆಯಬೇಕು.