ಹೊಳೆಗುಂಟ ನಡೆದ ದಂಡು

ಅಮೀನಗಡದಲ್ಲಿ ಬಸ್ಸಿಳಿದವರು ಕರದಂಟು ಕಟ್ಟಿಸಿಕೊಂಡು ಐಹೊಳೆಯ ದಾರಿ ಹಿಡಿಯುತ್ತಾರೆ. ಹುನಗುಂದದ ಆಚೆ, ಕೃಷ್ಣೆಯ ದಂಡೆಯ ರಕ್ಕಸಗಿಯತ್ತ ತಿರುಗುವವರು ವಿರಳ. 1565ರ ಜನವರಿ 23ರಂದು ವಿಜಯನಗರದ ಹಣೆಬರಹ ತೀರ್ಮಾನಿಸಿದ ಯುದ್ಧ ನಡೆದದ್ದು ಈ ಸೀಮೆಯಲ್ಲಿ. ಪಠ್ಯಪುಸ್ತಕ ಮಾತ್ರ ಇಂದಿಗೂ ಹೊಳೆಯಾಚೆ ದೂರದಲ್ಲಿ ದಖ್ಖನಿನ ಸುಲ್ತಾನರು ಬೀಡುಬಿಟ್ಟಿದ್ದ ತಾಳಿಕೋಟೆಯ ಹೆಸರನ್ನೇ ಹೇಳುತ್ತದೆ.

ಈ ಯುದ್ಧದ ಮಾತು ಬಂದರೆ ಎಲ್ಲರೂ ದ್ರೋಹದ ಕಥೆಗೆ ಜಿಗಿಯುತ್ತಾರೆ. ವಿಜಯನಗರದ ದಂಡು ನಡೆಸಿದ ರಾಮರಾಯನ ಇಬ್ಬರು ಸರದಾರರು ನಡುಯುದ್ಧದಲ್ಲಿ ತಿರುಗಿಬಿದ್ದರೆಂದು, 1567ರಲ್ಲಿ ಹಂಪಿಗೆ ಬಂದ ವೆನಿಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಬರೆದಿಟ್ಟ. ಇರಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಸ್ತಾ ಹೇಳುವ, ಅದಕ್ಕೂ ಮೊದಲಿನ ಸಂಗತಿ.

ಜನವರಿಯಲ್ಲಿ ಕೃಷ್ಣೆ ಇಳಿದಿದ್ದರೂ ಕುದುರೆ, ತೋಪಿನ ಬಂಡಿ ದಾಟಬೇಕೆಂದರೆ ಗಟ್ಟಿ ತಳದ ಜಾಗವೇ ಬೇಕು. ಅಂಥ ಜಾಗ ಇಂಗಳಗಿ ಬಳಿ ಇತ್ತೆಂದು ಇತಿಹಾಸಕಾರ ರಾಬರ್ಟ್ ಸಿವೆಲ್ ಗುರುತಿಸಿದ್ದಾನೆ. ಅದು ರಾಮರಾಯನ ಕಾವಲಿನಲ್ಲಿತ್ತು: ಈಚೆ ದಂಡೆಯಲ್ಲಿ ಮಣ್ಣಿನ ಒಡ್ಡು, ಮೇಲೆ ತೋಪು. ಆಗ ಸುಲ್ತಾನರು ಬೇರೆ ದಾರಿ ಹುಡುಕುವವರಂತೆ ದಂಡೆಗುಂಟ ಹೊರಟರು. ಈಚೆಯಿಂದ ವಿಜಯನಗರದ ದಂಡೂ ಒಡ್ಡು ಬಿಟ್ಟು ಅವರ ಸರಿಸಮಕ್ಕೆ ನಡೆಯಿತು. ಮೂರು ದಿನ ಹೀಗೆ. ಆಮೇಲೆ ರಾತ್ರೋರಾತ್ರಿ ಹಿಂದಿರುಗಿದ ಸುಲ್ತಾನರ ಮುಂಚೂಣಿ ಪಡೆ, ಬರಿದಾಗಿದ್ದ ಆ ಹಳೆಯ ಜಾಗದಲ್ಲೇ ಹೊಳೆ ದಾಟಿತು. ಅಲೆಕ್ಸಾಂಡರ್ ಝೇಲಂ ದಂಡೆಯಲ್ಲಿ ಪೌರವನಿಗೆ ಮಾಡಿದ್ದೂ ಇಂಥದ್ದೇ. ದಖ್ಖನಿನ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ವರ್ಷಗಟ್ಟಲೆ ಆಡಿಸಿದ ಮುದುಕ ರಾಮರಾಯ ಇಷ್ಟು ಹಳೆಯ ಹೂಟಕ್ಕೆ ಬಿದ್ದನಲ್ಲ ಎಂದು ನನಗೆ ಈಗಲೂ ಸಿಟ್ಟು!

ಹೊಳೆ ಕೈಬಿಟ್ಟ ಮೇಲೆ ಉಳಿದದ್ದು ಬಯಲು. ಅಲ್ಲಿ ಮಾತು ತೋಪುಗಳದ್ದು. ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾ 600 ತೋಪುಗಳನ್ನು ಮೂರು ಸಾಲಾಗಿ, ಬಿಲ್ಲುಗಾರರ ಹಿಂದೆ ಮರೆಮಾಡಿದ್ದ ಎನ್ನುತ್ತಾನೆ ಫೆರಿಸ್ತಾ. ಎದುರಾಳಿ ಹತ್ತಿರ ಬಂದಾಗ ಬಿಲ್ಲುಗಾರರು ಸರಿದರು. ಕೊನೆಗೆ ತಾಮ್ರದ ನಾಣ್ಯಗಳನ್ನೇ ತುಂಬಿ ಸಿಡಿಸಿದರಂತೆ. ರಾಮರಾಯ ಸೆರೆಸಿಕ್ಕು ತಲೆ ಕಳೆದುಕೊಂಡ; ತಮ್ಮ ತಿರುಮಲ ಖಜಾನೆ ಹೇರಿಕೊಂಡು ಪೆನುಗೊಂಡೆ ಸೇರಿದ.

ಈಗ ಈ ಭಾಗದ ಕೃಷ್ಣೆ ನಾರಾಯಣಪುರ ಅಣೆಕಟ್ಟಿನ ಹಿನ್ನೀರು. ಎರೆ ಹೊಲಗಳಿಗೆ ನೀರು ಬೇಕಿತ್ತು, ತಕರಾರಿಲ್ಲ. ಆದರೆ ರಣಭೂಮಿ ಯಾವುದೆಂದು ವಿದ್ವಾಂಸರು ರಕ್ಕಸಗಿ–ತಂಗಡಗಿ, ಬನ್ನಿಹಟ್ಟಿ ಎಂದು ಒಂದೊಂದು ಹೆಸರು ಹಿಡಿದು ಜಗಳಾಡುತ್ತಲೇ ಇದ್ದಾರೆ. ಹೊಳೆಗಿಳಿದು ತಳ ನೋಡಿಯಾದರೂ ಬರೋಣವೆಂದರೆ, ಕಾಲಿಡುವ ಕಡೆಯೆಲ್ಲ ಆಳುದ್ದ ನೀರು.