ಉರುವಲಿಲ್ಲದ ಊರಿನ ಚಳಿಗಾಲ

ಲಡಾಖಿನ ಹಳ್ಳಿಮನೆಯ ಮಾಳಿಗೆಯನ್ನು ಸೆಪ್ಟೆಂಬರಿನಲ್ಲಿ ನೋಡಬೇಕು. ಒಂದೆಡೆ ಆಪ್ರಿಕಾಟ್ ಹಣ್ಣು, ಸೊಪ್ಪು, ಟರ್ನಿಪ್ ಹೋಳು ಒಣಗುತ್ತಿರುತ್ತವೆ. ಅಂಚಿನುದ್ದಕ್ಕೂ ಕುದುರೆ ಮಸಾಲೆ ಮೇವಿನ ಕಟ್ಟುಗಳು, ಪಾಪ್ಲರ್ ಕಡ್ಡಿ, ಬೆರಣಿ. ಬೇಸಾಯಕ್ಕೆ ಸಿಗುವುದು ವರ್ಷದಲ್ಲಿ ನಾಲ್ಕೈದು ತಿಂಗಳು. ಮಿಕ್ಕ ಕಾಲಕ್ಕೆ ಜನಕ್ಕೂ ದನಕ್ಕೂ ಈ ಮಾಳಿಗೆಯೇ ಗತಿ.

ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ 100 ಮಿಲಿಮೀಟರಿನ ಆಸುಪಾಸು. ಜನವರಿಯ ರಾತ್ರಿ ಉಷ್ಣಾಂಶ ಮೈನಸ್ 20 ಡಿಗ್ರಿ ಮುಟ್ಟುವುದುಂಟು. ಚಳಿ ಕಾಯಿಸಲು ಸೌದೆ ಬೇಕು, ಸೌದೆಗೆ ಮರ ಬೇಕು, ಮರಕ್ಕೆ ನೀರು ಬೇಕು. ಅದೇ ಅಲ್ಲಿ ಇಲ್ಲ. ಹಾಗಾಗಿ ಸಗಣಿಯೇ ಉರುವಲು. ಆದರೆ ಒಲೆಗೆ ಹೋದ ಸಗಣಿ ಹೊಲಕ್ಕೆ ಸಿಗದು. ಅದರ ಸಾರಜನಕವೆಲ್ಲ ಹೊಗೆಯ ಜೊತೆ ಹಾರಿಹೋಗುತ್ತದೆ.

ಆ ನಷ್ಟ ತುಂಬಿಕೊಡುವುದು ಮನೆಯ ಕಕ್ಕಸು. ಮೇಲಂತಸ್ತಿನ ನೆಲದಲ್ಲೊಂದು ಕಂಡಿ, ಪಕ್ಕದಲ್ಲಿ ಮಣ್ಣಿನ ಗುಡ್ಡೆ, ಒಂದು ಸಲಿಕೆ. ಕೆಲಸ ಮುಗಿದ ಮೇಲೆ ಒಂದಿಷ್ಟು ಮಣ್ಣು ತಳ್ಳಿದರಾಯಿತು. ನೀರಿನ ಗೊಡವೆಯಿಲ್ಲ, ಹೆಪ್ಪುಗಟ್ಟಿ ಒಡೆಯಲು ಪೈಪೂ ಇಲ್ಲ. ಕೆಳಗಿನ ಕೋಣೆಯಲ್ಲಿ ಕಳಿತದ್ದು ಬಿತ್ತನೆಗೆ ಮೊದಲು ಹೊಲಕ್ಕೆ ಹೋಗುತ್ತದೆ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ. ಇಡೀ ಮನೆಯಲ್ಲಿ ಇದಕ್ಕಿಂತ ಜಾಣ ಏರ್ಪಾಡು ನನಗೆ ಕಾಣಲಿಲ್ಲ.

ಉರುವಲು ತುಟ್ಟಿಯಾದಲ್ಲಿ ಬಂದ ಬಿಸಿಯನ್ನು ಬಿಟ್ಟುಕೊಡಬಾರದು. ಹಲವು ಮನೆಗಳಲ್ಲಿ ಕೆಳಗೆ ಕೊಟ್ಟಿಗೆ, ಮೇಲೆ ವಾಸ. ದನಗಳ ಮೈಶಾಖ ಮೇಲಿನ ನೆಲಕ್ಕೆ ಏರುತ್ತದೆ. ಚಳಿ ಬಲಿತಾಗ ಮನೆಮಂದಿಯೆಲ್ಲ ಅಡುಗೆಕೋಣೆಗೇ ಬಂದು ಸೇರುತ್ತಾರೆ. ಕಿಟಕಿಗಳ ಮುಖ ದಕ್ಷಿಣಕ್ಕೆ. ಡಿಸೆಂಬರಿನ ಕೊನೆಗೆ ಲೇಹ್‌ನಲ್ಲಿ ನಡುಹಗಲ ಸೂರ್ಯ ದಿಗಂತದಿಂದ 32 ಡಿಗ್ರಿಯಷ್ಟೇ ಮೇಲಿರುತ್ತಾನೆ, ಬಿಸಿಲು ಕೋಣೆಯ ಒಳಗಿನವರೆಗೂ ಬರುತ್ತದೆ. ಜೂನಿನಲ್ಲಿ ಅವನು 79 ಡಿಗ್ರಿ ಏರುವುದರಿಂದ ಬಿಸಿಲು ಸೂರಿಗಷ್ಟೇ. ಈಚಿನ ದಶಕಗಳಲ್ಲಿ ದಕ್ಷಿಣದ ಮಣ್ಣುಗೋಡೆಗೆ ಕಪ್ಪು ಬಳಿದು, ಹೊರಗೆ ಗಾಜು ಕೂರಿಸುವ ಟ್ರೋಂಬ್ ಗೋಡೆಯೂ ಬಂದಿದೆ. ದಪ್ಪ ಗೋಡೆ ದಾಟಲು ಶಾಖಕ್ಕೆ ಗಂಟೆಗಟ್ಟಲೆ ಬೇಕು. ಮಧ್ಯಾಹ್ನದ ಬಿಸಿಲು ಒಳಕ್ಕೆ ಬಂದು ಮುಟ್ಟುವಾಗ ಕತ್ತಲಾಗಿರುತ್ತದೆ.

ಇದೇ ವಿಳಂಬ ನೆಲದಡಿಯಲ್ಲೂ ಉಂಟು. ಆಲೂಗಡ್ಡೆ, ಕ್ಯಾರೆಟ್, ಮೂಲಂಗಿಗಳನ್ನು ಆಳದ ಗುಂಡಿಗಿಳಿಸಿ ಮೇಲೆ ಮಣ್ಣು ಮುಚ್ಚುತ್ತಾರೆ. ಹಗಲು-ರಾತ್ರಿಯ ಏರಿಳಿತ ಅರ್ಧ ಮೀಟರ್ ಇಳಿಯುವಷ್ಟರಲ್ಲಿ ಬಹುಪಾಲು ಅಡಗುತ್ತದೆ. ಚಳಿಗಾಲದ ಕೊರೆತವೂ ಅದಕ್ಕಿಂತ ಕೆಳಗೆ ಮುಟ್ಟುವುದು ವಾರಗಳ ಮೇಲೆ, ಅದೂ ಮೊಂಡಾಗಿ. ನಮ್ಮ ಹಗೇವಿನ ಹಾಗೇ ಕಂಡರೂ ಕೆಲಸ ಬೇರೆ. ಹಗೇವಿನಲ್ಲಿ ಕಾಳು ಉಳಿಯುವುದು ಆಮ್ಲಜನಕ ಕಡಿಮೆಯಾಗಿ ಹುಳ ಸಾಯುವುದರಿಂದ. ಇಲ್ಲಿ ಗೆಡ್ಡೆ ಉಳಿಯುವುದು ತಂಪಿನಿಂದ, ತೇವದಿಂದ. ಗೆಡ್ಡೆಗೆ ಜೀವವಿದೆ, ಅದು ಉಸಿರಾಡುತ್ತದೆ. ಬೆಚ್ಚಗಾದರೆ ಮೊಳಕೆ, ಹೆಪ್ಪುಗಟ್ಟಿದರೆ ಜೀವಕೋಶ ಒಡೆದು ಕೊಳೆ. ಹೊರಗಿಟ್ಟರೆ ಆ ಒಣಗಾಳಿಗೆ ಸುಕ್ಕುಗಟ್ಟುತ್ತದೆ. ಆಪ್ರಿಕಾಟನ್ನು ಕೆಡದಂತೆ ಉಳಿಸಿಕೊಡುವುದೂ ಅದೇ ಒಣಗಾಳಿ.

ಕ್ಯಾರೆಟ್ಟಿಗೆ ಸೊನ್ನೆಯ ಹತ್ತಿರದ ತಂಪು ಹಿಡಿಸುತ್ತದೆ. ಆಲೂಗಡ್ಡೆಗೆ ಅಷ್ಟು ಆಗದು: ನಾಲ್ಕು ಡಿಗ್ರಿಗಿಂತ ತಣ್ಣಗಾದರೆ ಅದರ ಪಿಷ್ಟ ಸಕ್ಕರೆಯಾಗತೊಡಗುತ್ತದೆ. ಅಂಥ ಆಲೂಗಡ್ಡೆ ಬೇಯಿಸಿದರೆ ತುಸು ಸಿಹಿ, ಎಣ್ಣೆಗೆ ಬಿಟ್ಟರೆ ಬೇಗ ಕಪ್ಪಗಾಗುತ್ತದೆ.